ಗುಡಿಸಿದ ನೆಲದ ಜಿಂಕೆಗಳು

ಮಾರಿಕಣಿವೆ ಹಿನ್ನೀರಿನ ಆಚೆ ದಡದಲ್ಲಿ ಒಂದು ಬೆಳಿಗ್ಗೆ ನಲವತ್ತೊಂದು ಜಿಂಕೆಗಳನ್ನು ಒಟ್ಟಿಗೆ ನೋಡಿದೆ ಎಂದು ಎಷ್ಟೋ ವರ್ಷಗಳಿಂದ ಹೇಳಿಕೊಂಡು ಬಂದಿದ್ದೇನೆ. ತರಬೇತಿ ಶಿಬಿರಗಳಲ್ಲಿ ಹೇಳಿದ್ದೇನೆ, ಮದುವೆ ಪಂಕ್ತಿಗಳಲ್ಲಿ ಹೇಳಿದ್ದೇನೆ. ನೀರಿನ ಮೇಲೆ ಮಂಜು ಇತ್ತು, ಮುಂದಿನ ಹೆಣ್ಣು ಜಿಂಕೆ ಒಂದು ಕಿವಿಯನ್ನಷ್ಟೇ ನಮ್ಮ ಕಡೆ ತಿರುಗಿಸಿತು ಎಂದೆಲ್ಲ ವರ್ಣಿಸಿದ್ದೇನೆ. ಹೋದ ವರ್ಷ ರುದ್ರಪ್ಪ ಹಿರಿಯೂರಿನ ನಮ್ಮ ಮನೆಗೆ ಬಂದಿದ್ದ. ಅರಣ್ಯದಲ್ಲಿ ವಾಚರ್ ಆಗಿದ್ದವನು, ನನ್ನ ಜೊತೆ ಇಪ್ಪತ್ತು ವರ್ಷ ನಡೆದವನು. ನಮ್ಮ ಅಳಿಯನ ಎದುರಿಗೆ ಅದೇ ಕಥೆ ಶುರು ಮಾಡಿದೆ. ರುದ್ರಪ್ಪ ಟೀ ಲೋಟ ಕೆಳಗಿಟ್ಟ.

"ಅವತ್ತು ನೀವೆಲ್ಲಿ ಬಂದಿದ್ರಿ ಸಾ? ನಿಮಗೆ ಜ್ವರ. ಗುಡಿಸ್ಲಾಗೆ ಕಂಬ್ಳಿ ಹೊದ್ಕಂಡು ಮಲಗಿದ್ರಿ. ನೋಡಿದ್ದು ನಾನು. ಬಂದು ನಿಮಗೆ ಹೇಳ್ದೆ."

"ನಲವತ್ತೊಂದು ಅಲ್ವೇನೋ?"

"ಇಪ್ಪತ್ತೇಳೋ ಇಪ್ಪತ್ತೆಂಟೋ. ನಲವತ್ತೊಂದು ಯಾವಾಗಾತೋ ನಂಗೊತ್ತಿಲ್ಲ."

ಅಳಿಯ ನಕ್ಕು ಒಳಗೆ ಹೋದ. ನನಗೆ ನಗು ಬರಲಿಲ್ಲ. ಆ ಕಿವಿ ಈಗಲೂ ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ. ಯಾರ ಕಣ್ಣಿಗೆ ಕಂಡದ್ದು ನನ್ನ ಕಣ್ಣಿಗೆ ಹೇಗೆ ಬಂತೋ ಗೊತ್ತಿಲ್ಲ.

ಆದ್ದರಿಂದ, ಜಿಂಕೆಗಳ ಅಂದಾಜು ಮಾಡುವ ಈ ಕೆಲಸಕ್ಕೆ ಹೊಸದಾಗಿ ಸೇರುತ್ತಿರುವವರೇ, ಮುಂದೆ ಬರೆಯುವುದನ್ನು ಅನುಮಾನ ಇಟ್ಟುಕೊಂಡೇ ಓದಿ. ವಿಶ್ವವಿದ್ಯಾಲಯದಲ್ಲಿ ನನಗೆ ಕಲಿಸಿದ್ದು ಮುಖ್ಯವಾಗಿ ಅನುಮಾನಪಡುವುದನ್ನು. ಪರರ ಮಾತನ್ನು ಅನುಮಾನಿಸುವುದರಲ್ಲಿ ನಾನು ಪಳಗಿದೆ. ನನ್ನದೇ ತಲೆಯನ್ನು ಅನುಮಾನಿಸಲು ನಿವೃತ್ತಿ ಬೇಕಾಯಿತು. ನನ್ನ ಒಂದು ಅಂದಾಜಿನಿಂದ ಕೆಂಚಪ್ಪ ಎನ್ನುವವರ ಕುರಿಮಂದೆ ಹೋಯಿತು. ಅದನ್ನು ಬರೆಯಬೇಕೆಂದೇ ಕುಳಿತದ್ದು. ಉಳಿದದ್ದು ದಾರಿಯಲ್ಲಿ ಬರುತ್ತದೆ.

ಊರಲ್ಲಿ ನಮ್ಮನ್ನು 'ಜಿಂಕೆ ಎಣಿಸೋರು' ಎನ್ನುತ್ತಿದ್ದರು. ಎಣಿಸುವುದಾಗಿದ್ದರೆ ಎಷ್ಟು ಚೆನ್ನಾಗಿತ್ತು! ಕಾಡಿನ ಜಿಂಕೆಗಳಲ್ಲಿ ಕಣ್ಣಿಗೆ ಬೀಳುವುದು ಕೆಲವೇ. ಬೀಳದವು ಎಷ್ಟಿರಬಹುದು ಎಂದು ಹೇಳುವುದಕ್ಕೆ ನಮಗೆ ಸಂಬಳ. ನಕ್ಷೆಯ ಮೇಲೆ ನೇರ ಗೆರೆ ಎಳೆದು, ಬೆಳಗಿನ ಹೊತ್ತು ನೆಲದ ಮೇಲೆ ಅದೇ ಗೆರೆ ಹಿಡಿದು ಸದ್ದಿಲ್ಲದೆ ನಡೆಯಬೇಕು. ಜಿಂಕೆ ಕಂಡರೆ ಎಷ್ಟು ದೂರ, ಗೆರೆಗೆ ಯಾವ ಕೋನದಲ್ಲಿ ಎಂದು ಬರೆದುಕೊಳ್ಳಬೇಕು. ಹತ್ತಿರದವು ಹೆಚ್ಚು ಸಿಗುತ್ತವೆ, ದೂರ ಹೋದಂತೆ ಕಡಿಮೆಯಾಗುತ್ತವೆ. ಹೇಗೆ ಕಡಿಮೆಯಾಗುತ್ತವೆ ಎನ್ನುವುದರಿಂದ ತಪ್ಪಿಸಿಕೊಂಡವು ಎಷ್ಟು ಎಂದು ಲೆಕ್ಕ. ಕಾಗದದ ಮೇಲೆ ಇದು ಸುಂದರ ಗಣಿತ. ಜೋಗಿಮಟ್ಟಿ ಬೆಟ್ಟದ ಇಳಿಜಾರಿನಲ್ಲಿ ಇದು ಜಾಲಿ ಮುಳ್ಳು.

ಮೊದಲ ವರ್ಷ ರುದ್ರಪ್ಪ ಮುಂದೆ, ನಾನು ಹಿಂದೆ. ದಿಕ್ಸೂಚಿ ನನ್ನ ಕೈಯಲ್ಲಿ. ಎರಡು ತಾಸಾದ ಮೇಲೆ ನೋಡುತ್ತೇನೆ, ನಾವು ನಡೆಯುತ್ತಿರುವುದು ಎತ್ತಿನಗಾಡಿ ಹಾದಿಯಲ್ಲಿ.

"ರುದ್ರಪ್ಪ, ಗೆರೆ ಎಲ್ಲಿ?"

"ಗೆರೆ ಜಾಲಿ ಒಳಗೋತು ಸಾ. ನಾವು ಸುತ್ತಾಕ್ಕಂಡು ಹೋಗಾಣ, ಮುಂದೆ ಸಿಗ್ತೈತೆ."

"ಗೆರೆ ಬಿಟ್ಟರೆ ಲೆಕ್ಕ ಕೆಡುತ್ತೆ."

"ಆ ಜಾಲಿಗೇನ್ ಗೊತ್ತು ಸಾ ನಿಮ್ಮ ಗೆರೆ?"

ಹಾದಿಯ ಅಕ್ಕಪಕ್ಕ ಜಿಂಕೆ ಇರುವ ರೀತಿಯೇ ಬೇರೆ, ಮುಳ್ಳಿನ ನಡುವೆ ಇರುವ ರೀತಿಯೇ ಬೇರೆ ಎಂದು ಅವನಿಗೆ ಅರ್ಧ ತಾಸು ಪಾಠ ಹೇಳಿದೆ. ಅವನು ತಲೆಯಾಡಿಸಿದ. ಮರುದಿನ ನನ್ನನ್ನು ಮುಂದೆ ಬಿಟ್ಟ. ಸಂಜೆ ನನ್ನ ಹೆಂಡತಿ ಪಿನ್ನು ಹಿಡಿದು ನನ್ನ ಕಾಲಿಂದ ಮುಳ್ಳು ತೆಗೆಯುತ್ತ, "ಜಿಂಕೆಗಳಾದರೂ ಬುದ್ಧಿವಂತವು" ಎಂದಳು. ಆ ವರ್ಷ ನನ್ನ ಗೆರೆಗಳು ಎಷ್ಟು ನೇರವಾಗಿದ್ದವು ಎಂದು ಯಾರಾದರೂ ಕೇಳಿದರೆ ಉತ್ತರ ಕೊಡುವುದಿಲ್ಲ.

ಸೊನ್ನೆಯ ಕಾಟ ಬೇರೆ. ಮೂರು ತಾಸು ನಡೆದು ಒಂದೂ ಜಿಂಕೆ ಕಾಣದಿದ್ದರೆ ಫಾರಂನಲ್ಲಿ ಸೊನ್ನೆ ಬರೆಯಬೇಕು. ಆ ಸೊನ್ನೆ ಇಲ್ಲದೆ ಅಂದಾಜೇ ಇಲ್ಲ. ವಾಚರ್‌ಗಳಿಗೆ ಸೊನ್ನೆ ಬರೆಯುವುದೆಂದರೆ ಹೆದರಿಕೆ. ಕೆಲಸಕ್ಕೇ ಹೋಗಿಲ್ಲ ಅಂತ ತಿಳಿದುಕೊಂಡರೆ? ಅದಕ್ಕೇ ಎಲ್ಲರ ಫಾರಂನಲ್ಲೂ ಒಂದು, ಎರಡು. ಖಾಲಿ ಕಾಡಿನಲ್ಲಿ ದಿನವೂ ಒಂದೆರಡು ಜಿಂಕೆ ಹುಟ್ಟುತ್ತಿದ್ದವು. ನಾನು ಕೂಗಾಡಿದೆ. ಮುಂದಿನ ವಾರದಿಂದ ಎಲ್ಲ ಫಾರಂಗಳಲ್ಲೂ ಸೊನ್ನೆ. ನಾನು ಬೇಡಿದ್ದು ಸೊನ್ನೆಯನ್ನೇ ಎಂದು ತಿಳಿದುಕೊಂಡಿದ್ದರು.

ಮೇಲಿನವರು ಇದಕ್ಕಿಂತ ಕಷ್ಟ. ನಮ್ಮ ಸಾಹೇಬರು ಕೆಟ್ಟವರಾಗಿರಲಿಲ್ಲ. ಓದಿಕೊಂಡಿದ್ದರು, ಹಳ್ಳಿಗೆ ಬಂದರೆ ನೆಲದ ಮೇಲೆ ಕುಳಿತು ಮುದ್ದೆ ಉಣ್ಣುತ್ತಿದ್ದರು. ಆದರೆ ಎರಡು ಸಂಖ್ಯೆಗಳನ್ನು ಒಟ್ಟಿಗೆ ನೋಡಿದರೆ ಅವರಿಗೆ ಸಿಟ್ಟು ಬರುತ್ತಿತ್ತು. ಒಮ್ಮೆ ಸಭೆಯಲ್ಲಿ, ಇನ್ನೂರರಿಂದ ನಾನೂರರ ಒಳಗೆ ಎಂದು ವರದಿ ಓದಿದೆ.

"ಇದೇನ್ರೀ ಇದು? ಒಂದು ಸಂಖ್ಯೆ ಹೇಳ್ರಿ."

"ಇಷ್ಟೇ ಸರ್ ಗೊತ್ತಾಗೋದು."

"ಮಗಳ ಮದುವೆಗೆ ಊಟಕ್ಕೆ ಎಷ್ಟು ಜನ ಅಂತ ಅಡುಗೆಯವನು ಕೇಳಿದ್ರೂ ಹಿಂಗೇ ಹೇಳ್ತೀರೇನ್ರಿ?"

ಸಭೆ ನಕ್ಕಿತು. ಅಡುಗೆಯವನಿಗೆ ಎಲ್ಲರೂ ಹೇಳುವುದು ಹಾಗೆಯೇ, 'ಮುನ್ನೂರಕ್ಕೆ ಮಾಡು, ನಾನೂರಾದರೂ ಸುಧಾರಿಸೋ ಹಂಗಿರಲಿ' ಎಂದೇ ಹೇಳುತ್ತಾರೆ, ಸರ್. ಈ ಉತ್ತರ ನನಗೆ ಹೊಳೆದದ್ದು ಸಂಜೆ, ಹಿರಿಯೂರಿನ ಬಸ್ಸಿನಲ್ಲಿ ನಿಂತಿದ್ದಾಗ. ಅಷ್ಟರಲ್ಲಿ ಸಾಹೇಬರು ಎರಡನ್ನೂ ಕೂಡಿಸಿ, ಎರಡರಿಂದ ಭಾಗಿಸಿ, ಪೆನ್ಸಿಲ್ಲಿನಲ್ಲಿ ಮುನ್ನೂರು ಎಂದು ಬರೆದಾಗಿತ್ತು. ಟೈಪಾಗುವಾಗ ಪೆನ್ಸಿಲ್ಲು ಮಸಿಯಾಯಿತು. ಪತ್ರಿಕೆಗೆ ಹೋಗುವಾಗ 'ಸುಮಾರು' ಎನ್ನುವ ಪದ ಎಲ್ಲೋ ದಾರಿಯಲ್ಲಿ ಬಿದ್ದುಹೋಯಿತು.

ಜನರನ್ನು ಕೇಳಿ ಅಂದಾಜು ಮಾಡೋಣವೆಂದು ಒಂದು ವರ್ಷ ಹೊರಟೆವು. ಹರಿಯಬ್ಬೆಯ ಹತ್ತಿರ ಶೇಂಗಾ ಹೊಲದ ಬದುವಿನ ಮೇಲೆ ಒಬ್ಬ ರೈತರು ಸಿಕ್ಕರು.

"ಜಿಂಕೆ ಎಷ್ಟಿರಬಹುದು ಈ ಕಡೆ?"

"ಸಾವ್ರ ಅವೆ ಬರ್ಕಳ್ರಿ."

"ಒಂದೇ ಸಲಕ್ಕೆ ಎಷ್ಟು ನೋಡಿದ್ದೀರಿ?"

"ನೋಡಾಕೆ ನಾನೇನ್ ಇಲ್ಲೇ ಕುಂತಿರ್ತೀನೇನ್ರಿ? ಬೆಳಿಗ್ಗೆ ಬಂದ್ರೆ ಗಿಡ ಇರಲ್ಲ. ಇಲ್ದಿರೋ ಗಿಡ ಎಣಿಸ್ಕಳ್ರಿ, ಜಿಂಕೆ ಲೆಕ್ಕ ಸಿಗ್ತೈತೆ."

ಎರಡು ಮೈಲಿ ಆಚೆ ಕುರಿ ಮೇಯಿಸುತ್ತಿದ್ದವರನ್ನು ಕೇಳಿದೆವು. "ಜಿಂಕೆನಾ? ನಮ್ಮಜ್ಜನ ಕಾಲ್ದಾಗೆ ಇದ್ವಂತೆ" ಎಂದರು. ಹೇಳುವಾಗ ಅವರ ಬೆನ್ನ ಹಿಂದೆ ಬಂದರಿಕೆ ಪೊದೆಯಿಂದ ಮೂರು ಜಿಂಕೆ ಹಾರಿ ಹೋದವು. ರೈತನಿಗೆ ಬೆಳೆ ಹಾನಿಯ ಪರಿಹಾರ ಬೇಕು, ಆದ್ದರಿಂದ ಸಾವಿರ. ಕುರಿಯವನಿಗೆ ಹುಲ್ಲುಗಾವಲು ಬೇಕು, ಆದ್ದರಿಂದ ಸೊನ್ನೆ. ಅಂದಿನಿಂದ ಒಂದು ಸೂತ್ರ ಮಾಡಿಕೊಂಡೆ. ಯಾರೇ ಏನೇ ಹೇಳಲಿ, ಇದರಿಂದ ಇವನಿಗೆ ಏನು ಲಾಭ ಎಂದು ಮೊದಲು ನೋಡುವುದು, ಅಷ್ಟನ್ನು ಅವನ ಮಾತಿನಿಂದ ಕಳೆಯುವುದು. ಬಹಳ ಜಾಣತನದ ಸೂತ್ರವೆಂದು ಹೆಮ್ಮೆಯಿತ್ತು. ಅದೇ ನನ್ನನ್ನು ಕೆಡಿಸಿತು.

ಹೊಸದುರ್ಗದ ಕಡೆ ಒಂದು ಕಾವಲು, ಎಂದರೆ ದನ ಕುರಿ ಮೇಯುವ ಸರ್ಕಾರಿ ನೆಲ. ಹೆಸರು ಬರೆಯುವುದಿಲ್ಲ. ಒಂದು ಮಗ್ಗುಲಿಗೆ ಕಮರ ಮರಗಳ ಕಾಡು, ಇನ್ನೊಂದು ಮಗ್ಗುಲಿಗೆ ಅಲ್ಲೊಂದು ಇಲ್ಲೊಂದು ಮರವಿರುವ ಹುಲ್ಲು ಬಯಲು. ಅಲ್ಲಿ ಜಿಂಕೆ ಹೆಚ್ಚಿವೆ ಎಂದಾದರೆ ಕುರಿ ಮೇಯಿಸುವುದನ್ನು ನಿಲ್ಲಿಸಿ ಸುತ್ತ ಕಂದಕ ತೆಗೆಯುವುದು, ಇಲ್ಲವಾದರೆ ಇದ್ದ ಹಾಗೆ ಬಿಡುವುದು ಎಂದು ಮೇಲಿನಿಂದ ಪ್ರಶ್ನೆ ಬಂತು. ಕೆಂಚಪ್ಪ ಆ ಕಾವಲಿನಲ್ಲಿ ಮೂರು ತಲೆಮಾರಿನಿಂದ ಮೇಯಿಸುತ್ತಿದ್ದ ಮನೆಯವರು, ನನಗಿಂತ ಹತ್ತು ವರ್ಷ ದೊಡ್ಡವರು. ನೂರರ ಮೇಲೆ ಕುರಿ. ಸುಗ್ಗಿ ಮುಗಿದ ಮೇಲೆ ಹೊಲಗಳಲ್ಲಿ ಮಂದೆ ನಿಲ್ಲಿಸಲು ರೈತರೇ ಕರೆಯುತ್ತಾರೆ, ಗೊಬ್ಬರಕ್ಕೆ. ಮಳೆಗಾಲದಲ್ಲಿ ಹೊಲವೆಲ್ಲ ಬಿತ್ತಿದ ಮೇಲೆ ಕುರಿಗೆ ಕಾವಲು ಬಿಟ್ಟರೆ ಬೇರೆ ನೆಲವಿಲ್ಲ. ನನ್ನ ಮುಖ ನೋಡಿದ ಮೊದಲ ದಿನವೇ ಅವರು ಅದನ್ನು ಹೇಳಿದ್ದರು.

"ನಿಮ್ಮ ಲೆಕ್ಕದ ಮ್ಯಾಲೆ ನಮ್ಮ ಕುರಿ ನಿಂತಾವೆ ಸಾ. ಸರಿಯಾಗಿ ಮಾಡ್ರಿ, ಅಷ್ಟೇ."

ಸಾಹೇಬರು ಆಗತಾನೇ ಎಲ್ಲಿಯೋ ತರಬೇತಿ ಮುಗಿಸಿ ಬಂದಿದ್ದರು. ಗೆರೆ ನಡೆಯುವುದು ಬೇಡ, ಹಿಕ್ಕೆ ಎಣಿಸೋಣ ಎಂದರು. ವಿಧಾನವೇನೂ ತಪ್ಪಲ್ಲ, ಎಷ್ಟೋ ಕಡೆ ಮಾಡುತ್ತಾರೆ. ಕಾವಲಿನಲ್ಲಿ ಅಲ್ಲಲ್ಲಿ ದುಂಡನೆಯ ಜಾಗ ಗುರುತಿಸಿ, ಅದರೊಳಗಿನ ಹಳೆಯ ಹಿಕ್ಕೆಯನ್ನೆಲ್ಲ ಗುಡಿಸಿ ತೆಗೆಯಬೇಕು. ತಿಂಗಳು ಬಿಟ್ಟು ಬಂದು ಹೊಸದಾಗಿ ಬಿದ್ದ ಹಿಕ್ಕೆ ಎಣಿಸಬೇಕು. ಒಂದು ಜಿಂಕೆ ದಿನಕ್ಕೆ ಎಷ್ಟು ಸಲ ಹಾಕುತ್ತದೆ ಎಂದು ಗೊತ್ತಿದ್ದರೆ ಎಷ್ಟು ಜಿಂಕೆ ಓಡಾಡಿವೆ ಎಂದು ತಿಳಿಯುತ್ತದೆ. ಜಿಂಕೆ ಹಿಕ್ಕೆಗೂ ಕುರಿ ಹಿಕ್ಕೆಗೂ ವ್ಯತ್ಯಾಸ ಕಂಡುಹಿಡಿಯುತ್ತೇನೆ ಎನ್ನುವವರು ಸಿಕ್ಕರೆ, ಬಿಸಿಲಲ್ಲಿ ಹದಿನೈದು ದಿನ ಒಣಗಿದ ಎರಡನ್ನೂ ಅವರ ಅಂಗೈಯಲ್ಲಿಟ್ಟು ನೋಡಿ. ನಾನು ನನ್ನನ್ನೇ ಪರೀಕ್ಷೆ ಮಾಡಿಕೊಂಡಿದ್ದೇನೆ. ಕಣ್ಣು ಮುಚ್ಚಿ ನಾಣ್ಯ ಚಿಮ್ಮಿದ್ದರೂ ಅಷ್ಟೇ ಸರಿ ಬರುತ್ತಿತ್ತು.

ಅದಕ್ಕೇ ಮುನ್ನೆಚ್ಚರಿಕೆ ತೆಗೆದುಕೊಂಡೆವು. ಆ ತಿಂಗಳು ಕಾವಲಿಗೆ ಕುರಿ ತರಬಾರದು ಎಂದು ಸುತ್ತಲ ಹಟ್ಟಿಗಳಲ್ಲಿ ಸಾರಿದೆವು. ಸುಗ್ಗಿ ಮುಗಿದಿತ್ತು, ಕೆಂಚಪ್ಪ ಮತ್ತು ಉಳಿದವರು ಒಂದು ಮಾತೂ ಆಡದೆ ಮಂದೆಗಳನ್ನು ಹೊಲಗಳಿಗೆ ಹೊಡೆದುಕೊಂಡು ಹೋದರು. ನಾವು ಅರವತ್ತು ಕಡೆ, ಐದೈದು ಮಾರು ಅಗಲ, ಹಿಕ್ಕೆ, ಕಸ, ಮುಳ್ಳು ಎಲ್ಲ ತೆಗೆದು ಅಂಗಳದಂತೆ ಗುಡಿಸಿದೆವು. ಸುತ್ತ ಕಲ್ಲು ಜೋಡಿಸಿ ಸುಣ್ಣ ಹೊಡೆದೆವು. ನಡುವೆ ಮೊಣಕಾಲೆತ್ತರದ ಜಾಲಿ ಗೂಟ ನೆಟ್ಟೆವು. ನನ್ನ ಜೀವಮಾನದಲ್ಲಿ ಅಷ್ಟು ಅಚ್ಚುಕಟ್ಟಾದ ಕೆಲಸ ಮತ್ತೊಂದು ಮಾಡಿಲ್ಲ.

ತಿಂಗಳು ಬಿಟ್ಟು ಹೋದರೆ, ಬಯಲಿನಲ್ಲಿದ್ದ ಜಾಗಗಳಲ್ಲಿ ಏನೂ ಇಲ್ಲ, ಇದ್ದರೂ ಒಂದೆರಡು ಗುಪ್ಪೆ. ಮರದ ನೆರಳಿದ್ದ ಜಾಗಗಳಲ್ಲಿ ಮಾತ್ರ ರಾಶಿ. ಎಣಿಸಿ ಎಣಿಸಿ ಸೊಂಟ ಹಿಡಿಯಿತು. ನೆರಳಲ್ಲೇ ಯಾಕೆ ಎಂದು ಸಾಹೇಬರನ್ನು ಕೇಳಿದೆ.

"ಬಿಸಿಲಿಗೆ ಜಿಂಕೆ ನೆರಳಿಗೆ ಬರಲ್ವೇನ್ರಿ? ಪುಸ್ತಕದಲ್ಲೇ ಇದೆಯಲ್ಲ."

ಇತ್ತು. ಪುಸ್ತಕದಲ್ಲಿ ಇತ್ತು. ಒಳ್ಳೆಯ ಕಾರಣ ಸಿಕ್ಕಿದ ಮೇಲೆ ಅನುಮಾನ ಎಷ್ಟು ಬೇಗ ಮಲಗಿಬಿಡುತ್ತದೆ ಎನ್ನುವುದನ್ನು ಯಾವ ವಿಶ್ವವಿದ್ಯಾಲಯವೂ ಕಲಿಸುವುದಿಲ್ಲ. ಲೆಕ್ಕ ಹಾಕಿದೆ. ಆ ಕಾವಲಿನಲ್ಲಿ ನಾವು ಕನಸಿನಲ್ಲೂ ನೋಡದಷ್ಟು ಜಿಂಕೆ ಬಂದವು. ಸಾಹೇಬರು ನನ್ನ ಬೆನ್ನು ತಟ್ಟಿದರು.

ಎರಡು ದಿನಕ್ಕೆ ಕೆಂಚಪ್ಪ ನಮ್ಮ ಹೊಸದುರ್ಗದ ಬಿಡಾರಕ್ಕೆ ಬಂದರು. ಬಾಗಿಲಲ್ಲೇ ನಿಂತರು.

"ಒಳಗೆ ಬನ್ನಿ, ಕೂತ್ಕೊಳ್ಳಿ."

"ಕುಂದ್ರಾಕೆ ಬಂದಿಲ್ಲ ಸಾ. ಲೆಕ್ಕ ಜಾಸ್ತಿ ಬಂತಂತೆ?"

"ಯಾರು ಹೇಳಿದ್ದು?"

ರುದ್ರಪ್ಪ ತಲೆಯೆತ್ತಿ ಹೆಂಚು ಎಣಿಸತೊಡಗಿದ.

"ಅವು ಜಿಂಕೆವಲ್ಲ ಸಾ, ಕುರಿವು. ಮ್ಯಾಲಿನ ಸೀಮೆ ಕುರಿಯೋರು ಮೂರು ಮಂದೆ ಹೊಡ್ಕಂಡು ಆ ದಾರಿಗೆ ಹೋದ್ರು. ನಿಮ್ಮ ದುಂಡನೆ ಜಾಗದಾಗೆ ಮಧ್ಯಾಹ್ನ ಮಲಗ್ಸಿದ್ದಾರೆ."

"ನೀವು ಕಣ್ಣಾರೆ ನೋಡಿದಿರಾ?"

"ನಾನೆಲ್ಲಿ ನೋಡ್ಲಿ? ಬರಬ್ಯಾಡ್ರಿ ಅಂದೋರು ನೀವೇ."

"ನೋಡದೆ ಹೇಗೆ ಹೇಳ್ತೀರಿ?"

"ನೀವು ಜಿಂಕೆ ನೋಡಿದ್ರಾ?"

ರುದ್ರಪ್ಪನಿಗೆ ಕೆಮ್ಮು ಬಂತು. ನನಗೆ ಮೈ ಉರಿಯಿತು. ಸೂತ್ರ ತೆಗೆದೆ. ಇವರಿಗೆ ಲಾಭವೇನು? ನೂರು ಕುರಿ. ಹಾಗಾದರೆ ಈ ಮಾತಿನ ಬೆಲೆ? ಸೊನ್ನೆ. ಅಷ್ಟು ದೊಡ್ಡ ಕಾವಲಿನಲ್ಲಿ ಪರವೂರಿನ ಕುರಿಗಳು ಹುಡುಕಿಕೊಂಡು ಬಂದು ನಮ್ಮ ಜಾಗದಲ್ಲೇ ಮಲಗಿದವೇ ಎಂದು ವ್ಯಂಗ್ಯವಾಗಿ ಕೇಳಿದೆ. ಅವರು ನನ್ನನ್ನು ನೋಡಿದರು. ಬುದ್ಧಿವಂತನೊಬ್ಬ ಸುಲಭದ ಲೆಕ್ಕ ತಪ್ಪಿದರೆ ಮೇಷ್ಟ್ರು ನೋಡುವ ರೀತಿ.

"ಒಂದಿನ ಬರ್ರಿ ನನ್ನ ಜೊತೆ. ತೋರಿಸ್ತೀನಿ."

ನಾನು ವಾರ ಕಳೆದೆ. ವರದಿ ಬರೆಯುವುದಿತ್ತು. ವರದಿ ಮುಗಿದ ಮೇಲೆ, ಮನಸ್ಸಿನಲ್ಲಿ ಏನೋ ಕೆರೆಯುತ್ತಿದ್ದುದರಿಂದ, ರುದ್ರಪ್ಪನನ್ನು ಕರೆದುಕೊಂಡು ಹೋದೆ. ಕೆಂಚಪ್ಪ ನೆರಳಿದ್ದ ಒಂದು ಜಾಗಕ್ಕೆ ನಡೆಸಿಕೊಂಡು ಹೋದರು. ನಾನು ಅಭ್ಯಾಸಬಲದಿಂದ ಬಗ್ಗಿ ಒಂದು ಹಿಕ್ಕೆ ಕೈಗೆತ್ತಿಕೊಂಡೆ.

"ಅದ್ನ ಬಿಡ್ರಿ. ಅದು ಮಾತಾಡಲ್ಲ. ಗೂಟ ನೋಡ್ರಿ."

ನೋಡಿದೆ. ನಾವು ನೆಟ್ಟ ಜಾಲಿ ಗೂಟದ ಸೀಳುಗಳಲ್ಲಿ, ಸುತ್ತಲೂ, ಕಪ್ಪು ಉಣ್ಣೆ. ಎಳೆಯಲ್ಲ, ಎರಡು ಬೆರಳಲ್ಲಿ ಹಿಡಿಯುವಷ್ಟು. ಮೈ ತಿಕ್ಕಿಕೊಂಡ ಜಾಗ ನುಣ್ಣಗೆ ಹೊಳೆಯುತ್ತಿತ್ತು.

"ಜಿಂಕೆಗೆ ಕರೀ ಉಣ್ಣೆ ಬರ್ತೈತೇನ್ ಸಾ?"

"ಕಂಬ್ಳಿ ಹೊದ್ದಿರೋ ಜಿಂಕೆ ಇರ್ಬೋದು ಬಿಡಣ್ಣ," ಎಂದ ರುದ್ರಪ್ಪ.

ಆಮೇಲೆ ಕೆಂಚಪ್ಪ ವಿವರಿಸಿದರು. ಜಾಲಿ ಮುಳ್ಳು ಗೊರಸಿನ ಸಂದಿಗೆ ನೆಟ್ಟರೆ ಕುರಿ ಕುಂಟುತ್ತದೆ, ಕುಂಟುವ ಕುರಿ ಹಿಂದೆ ಉಳಿಯುತ್ತದೆ, ಹಿಂದೆ ಉಳಿದದ್ದು ನಾಯಿ ಪಾಲೋ ತೋಳದ ಪಾಲೋ. ಅದಕ್ಕೇ ನಡುಮಧ್ಯಾಹ್ನ ಮಂದೆ ಮಲಗಿಸುವ ಮುಂಚೆ ಕುರಿಗಾಹಿ ನೆರಳ ಕೆಳಗಿನ ಮುಳ್ಳು ಆಯ್ದು ಸೊಪ್ಪಿನಿಂದ ಗುಡಿಸುತ್ತಾನೆ. ಅದು ಬೆನ್ನು ಮುರಿಯುವ ಕೆಲಸ. ಅದಕ್ಕೇ ದಾರಿಯ ಕುರಿಯವರಲ್ಲಿ ಒಂದು ರೂಢಿ. ಗುಡಿಸಿದ ನೆಲ ಕಂಡು, ಅಲ್ಲಿ ಯಾರದೂ ಕಂಬಳಿ, ಕೋಲು ಇಲ್ಲದಿದ್ದರೆ, ಅದು ಬಂದವರ ಕುರಿಗೆ ಸೇರಿದ್ದು. ಅದನ್ನು ದಾಟಿ ಮುಂದೆ ಹೋಗುವವನು ದಡ್ಡ.

"ನೀವು ಗುಡ್ಸಿ, ಕಲ್ಲಿಟ್ಟು, ಸುಣ್ಣ ಹೊಡ್ದು, ಮೈ ತಿಕ್ಕಾಕೆ ಗೂಟ ಬ್ಯಾರೆ ನೆಟ್ಟಿದೀರಿ. ಅವ್ರು ಏನಂತ ತಿಳ್ಕಬೇಕು? ಯಾರೋ ಪುಣ್ಯಾತ್ಮರು ಕುರಿಗೇ ಅಂತ ಮಾಡ್ಸ್ಯಾರೆ ಅಂತ ಕೈ ಮುಗ್ದು ಹೋಗಿರ್ತಾರೆ."

ಬಯಲಿನ ಜಾಗಗಳು ಯಾಕೆ ಖಾಲಿಯಿದ್ದವು ಎಂದೂ ಆಗ ತಿಳಿಯಿತು. ಬಿಸಿಲಲ್ಲಿ ಯಾರು ಕುರಿ ಮಲಗಿಸುತ್ತಾರೆ? ನಾವು ನೆರಳಿನಲ್ಲಿ ಕುರಿ ತಂಗುದಾಣ ಕಟ್ಟಿಸಿ, ತಿಂಗಳಾದ ಮೇಲೆ ಬಂದು, ಅಲ್ಲಿ ಯಾರು ತಂಗಿದ್ದರೆಂದು ಕೇಳದೆ ಜಿಂಕೆ ಎಂದು ಬರೆದುಕೊಂಡಿದ್ದೆವು. ಇನ್ನೂ ಹತ್ತು ನೆರಳಿನ ಜಾಗ ನೋಡಿದೆ. ಏಳು ಗೂಟಗಳಲ್ಲಿ ಉಣ್ಣೆ. ಕಿತ್ತು ಒಂದು ಕವರಿನಲ್ಲಿ ಹಾಕಿಕೊಂಡೆ.

ಇಲ್ಲಿಂದ ಮುಂದೆ ನನ್ನ ನೆನಪು ಹೀಗಿತ್ತು. ವರದಿ ಆಗಲೇ ಚಿತ್ರದುರ್ಗದಲ್ಲಿ ಸಾಹೇಬರ ಕಚೇರಿ ಸೇರಿತ್ತು. ಆ ಕವರು ಹಿಡಿದು ಅಲ್ಲಿಗೆ ಓಡಿ ಅದನ್ನು ತಡೆಯಬೇಕೆಂದು ಹೊರಟೆ. ಜೀಪಿನ ಗೇರ್‌ಬಾಕ್ಸ್ ಕೆಟ್ಟಿತ್ತು. ಹಿರಿಯೂರಿನ ಗ್ಯಾರೇಜಿನಲ್ಲಿ ಬಿಚ್ಚಿ ಹಾಕಿದ್ದರು. ರಿಪೇರಿಯಾಗಿ ಬರುವಷ್ಟರಲ್ಲಿ ವರದಿ ಮೇಲಕ್ಕೆ ಹೋಗಿತ್ತು. ಸಾಹೇಬರು ಕವರು ಬಿಚ್ಚಿ ನೋಡಿ, "ಅನುಮಾನ ನಿಮಗೆ ಒಂದು ರೋಗ ಕಣ್ರಿ. ಹೋದ ಕಾಗದ ವಾಪಸ್ ತರಿಸೋಕಾಗುತ್ತಾ?" ಎಂದರು. ಬಸ್ಸಿನಲ್ಲಿ ಯಾಕೆ ಹೋಗಲಿಲ್ಲ ಎಂದು ನೀವು ಕೇಳಬಹುದು. ನನ್ನನ್ನು ನಾನು ಯಾವತ್ತೂ ಕೇಳಿಕೊಂಡಿರಲಿಲ್ಲ.

ಮುಂಗಾರಿಗೆ ಮುಂಚೆ ಆದೇಶ ಬಂತು. ಕಂದಕ ತೆಗೆದರು. ಕೆಂಚಪ್ಪ ಆ ಮಳೆಗಾಲ ರಸ್ತೆ ಬದಿಯಲ್ಲಿ, ಕೆರೆ ಏರಿಯಲ್ಲಿ, ಹಾಳು ಬಿದ್ದ ಲೇಔಟುಗಳಲ್ಲಿ ಮೇಯಿಸಿದರು. ಲಾರಿಗಳಿಗೆ ಸಿಕ್ಕು ಕೆಲವು ಸತ್ತವು. ಮರುವರ್ಷ ಮಂದೆ ಇರಲಿಲ್ಲ. ಕೆಲವು ವರ್ಷಗಳ ನಂತರ ಬೇರೆಯವರು ಬಂದು ಅದೇ ಕಾವಲಿನಲ್ಲಿ ಗೆರೆ ಹಿಡಿದು ನಡೆದರು. ಅವರಿಗೆ ಸಿಕ್ಕ ಜಿಂಕೆ ನಮ್ಮ ಲೆಕ್ಕದ ಹತ್ತಿರಕ್ಕೂ ಬರಲಿಲ್ಲ. ಜಿಂಕೆಗಳು ಕಡಿಮೆಯಾಗಿವೆ, ಕಾರಣ ತಿಳಿದಿಲ್ಲ ಎಂದು ಬರೆದರು. ಇದ್ದರಲ್ಲವೇ ಕಡಿಮೆಯಾಗುವುದು! ಆದೇಶ ಸದ್ದಿಲ್ಲದೆ ಹಿಂದೆ ಹೋಯಿತು. ಕಂದಕ ಮಣ್ಣು ತುಂಬಿ ಕಾಲುದಾರಿಯಾಯಿತು.

ಈಗ ನಿಮ್ಮ ಕೈಯಲ್ಲಿ ಮೊಬೈಲಿದೆ, ಮರಕ್ಕೆ ಕಟ್ಟುವ ಕ್ಯಾಮೆರಾ ಇದೆ. ಗೆರೆ ಬಿಟ್ಟರೆ ಮೊಬೈಲು ಕೂಗುತ್ತದಂತೆ. ಸಂತೋಷ. ಹೋದ ವರ್ಷ ಒಬ್ಬ ಹುಡುಗಿ ತನ್ನ ಕ್ಯಾಮೆರಾದ ಚಿತ್ರಗಳನ್ನು ತೋರಿಸಿದಳು. ಒಂದೇ ಜಾಗದಲ್ಲಿ ಎಷ್ಟೊಂದು ಜಿಂಕೆ! "ಕ್ಯಾಮೆರಾ ಕಟ್ಟುವಾಗ ಅಡ್ಡ ಬರುತ್ತದೆಂದು ಪೊದೆ ಕಡಿದಿರಾ?" ಎಂದೆ. ಕಡಿದಿದ್ದರಂತೆ. ಅಲ್ಲಿ ಎಳೆ ಹುಲ್ಲು ಚಿಗುರಿದೆ, ತಿನ್ನಲು ಬಂದಿವೆ. ನೀವು ಮುಟ್ಟಿದ ನೆಲ ನೀವು ಮುಟ್ಟದ ನೆಲದಂತೆ ಇರುವುದಿಲ್ಲ. ಮುಟ್ಟಿದ್ದರಿಂದ ಏನಾಗಿರಬಹುದು ಎಂದು ಆ ನೆಲದಲ್ಲಿ ದಿನವೂ ಕಾಲಿಡುವವರನ್ನು ಕೇಳಿ. ಅವರಿಗೆ ಲಾಭವಿದ್ದರೂ ಕೇಳಿ. ಲಾಭವಿರುವವನೇ ಹೆಚ್ಚು ಕಣ್ಣಿಟ್ಟು ನೋಡಿರುತ್ತಾನೆ.

ಕೆಂಚಪ್ಪ ಈಗ ಹಿರಿಯೂರಿನಲ್ಲೇ ಒಂದು ಕೊಬ್ಬರಿ ಮಂಡಿಯ ಕಾವಲಿಗಿದ್ದಾರೆ. ಎಂಬತ್ತರ ಹತ್ತಿರ. ರುದ್ರಪ್ಪ ನನ್ನ ನಲವತ್ತೊಂದು ಜಿಂಕೆಗಳನ್ನು ಕಿತ್ತುಕೊಂಡು ಹೋದ ಮೇಲೆ ನನಗೆ ನಿದ್ದೆ ಸರಿಯಾಗಿ ಬರಲಿಲ್ಲ. ಉಳಿದದ್ದಾದರೂ ನಿಜವೇ ಎಂದು ತಿಳಿಯಬೇಕಿತ್ತು. ಒಂದು ಮಧ್ಯಾಹ್ನ ಮಂಡಿಗೆ ಹೋದೆ. ಕುರ್ಚಿಯ ಮೇಲೆ ಕಾಲು ಮಡಿಸಿ ಕುಳಿತಿದ್ದರು.

"ಬರ್ರಿ ಸಾ, ಕುಂತ್ಕಳ್ರಿ. ಈಗೆಷ್ಟು ಅದಾವೆ ಜಿಂಕೆ?"

"ಗೊತ್ತಿಲ್ಲ ಕೆಂಚಪ್ಪ."

"ಇದ್ನ ಆವಾಗ್ಲೇ ಅಂದಿದ್ರೆ ಆಗ್ತಿತ್ತಲ್ಲ."

ಅವರು ನಕ್ಕರು. ಎದುರಿನ ಬಿಸಿಲಿನತ್ತ ತಿರುಗಿ 'ಕೊಬ್ಬರಿ ಒಣಗ್ತಾ ಐತೆ, ಮುಟ್ಟಬ್ಯಾಡ್ರೀ' ಎಂದು ಯಾರಿಗೋ ಕೂಗಿದರು. ನಾನು ಅಂದಿನ ಕಥೆ ತೆಗೆದೆ. ವರದಿ ತಡೆಯಲು ಹೊರಟಿದ್ದೆ, ಜೀಪು ಕೆಟ್ಟಿತ್ತು, ಇಲ್ಲವಾದರೆ ನಿಮ್ಮ ಮಂದೆ ಉಳಿಯುತ್ತಿತ್ತು ಎಂದೆ.

ಅವರು ಹುಬ್ಬು ಗಂಟಿಕ್ಕಿದರು.

"ಯಾವ ಜೀಪು?"

"ನಮ್ಮ ಜೀಪು. ಗೇರ್‌ಬಾಕ್ಸ್ ಹೋಗಿತ್ತಲ್ಲ."

"ಉಣ್ಣೆ ಕಿತ್ಕಂಡು ಹೋದ ಮೂರನೇ ದಿನ ಅದೇ ಜೀಪ್ನಾಗೆ ತಾನೇ ನೀವು ದುರ್ಗಕ್ಕೆ ಹೊಂಟಿದ್ದು? ನಾನು ರಸ್ತ್ಯಾಗೆ ಬಸ್ಸಿಗೆ ಕಾಯ್ತಿದ್ದೆ, ಮಗಳ ಊರಿಗೆ. ನೀವೇ ಹತ್ತಿಸ್ಕಂಡ್ರಿ. ಹೊಳಲ್ಕೆರೆ ಸರ್ಕಲ್‌ನಾಗೆ ಇಳಿಸಿದ್ರಿ. ತೊಡೆ ಮ್ಯಾಲೆ ಫೈಲು ಇಟ್ಕಂಡಿದ್ರಿ. ಏನ್ ಮಾಡ್ತೀರಿ ಸಾ ಅಂತ ಕೇಳ್ದೆ. ನೋಡ್ತೀನಿ ಕೆಂಚಪ್ಪ ಅಂದ್ರಿ."

"ಅದು ಬೇರೆ ಯಾವತ್ತೋ ಇರಬೇಕು."

"ಇರ್ಬೋದು ಬಿಡ್ರಿ. ನಂಗೂ ವಯಸ್ಸಾತು." ಅವರ ಮುಖದಲ್ಲಿ ನನ್ನ ಬಗ್ಗೆ ಕನಿಕರ ಕಂಡಂತಾಯಿತು. ಕಂಡದ್ದು ನಿಜವೋ ಅಲ್ಲವೋ, ಅದನ್ನೂ ಹೇಳಲಾರೆ.

ಎಂಬತ್ತರ ಮುದುಕರ ನೆನಪು. ಅದಕ್ಕೂ ಸೂತ್ರ ಹಾಕಿ ನೋಡಿದೆ. ಈಗ ಇವರಿಗೆ ಲಾಭವೇನು? ಏನೂ ಇಲ್ಲ. ಕಳೆಯಲು ಏನೂ ಸಿಗಲಿಲ್ಲ. ನನ್ನ ಹಳೆಯ ದಿನಚರಿಗಳು ಅಟ್ಟದ ಮೇಲಿದ್ದವು. ಉಣ್ಣೆ ಕಿತ್ತ ದಿನ ಸಿಕ್ಕಿತು. ನಂತರದ ಆರು ಪುಟ ಖಾಲಿ, ನನ್ನಂಥ ಬರೆಯುವ ಚಟದವನ ದಿನಚರಿಯಲ್ಲಿ. ಆಮೇಲೆ ಹಳೆಯ ಕಚೇರಿಗೆ ಹೋಗಿ, ಜೀಪಿನ ಲಾಗ್‌ಬುಕ್ ನೋಡಬೇಕಿತ್ತು ಎಂದು ಕೇಳಿದೆ. ಅಲ್ಲಿದ್ದ ಯುವ ಅಧಿಕಾರಿ ಒಳ್ಳೆಯವರು. "ಇಲಿ ತಿಂದಿರಬೇಕು ಸರ್, ನೀವೇ ಹುಡುಕ್ಕೊಳ್ಳಿ" ಎಂದು ಕೋಣೆಯ ಬೀಗ ತೆಗೆಸಿಕೊಟ್ಟರು.

ಎರಡು ಮಧ್ಯಾಹ್ನ ಹುಡುಕಿದೆ. ಇಲಿ ಅಂಚನ್ನಷ್ಟೇ ತಿಂದಿತ್ತು. ಗೇರ್‌ಬಾಕ್ಸ್ ಕೆಟ್ಟದ್ದು ನಿಜ, ಮುಂದಿನ ತಿಂಗಳು. ಉಣ್ಣೆ ಕಿತ್ತ ಮೂರನೇ ದಿನದ ಸಾಲಿನಲ್ಲಿ ಹೀಗಿದೆ: ಹೊಸದುರ್ಗದಿಂದ ಚಿತ್ರದುರ್ಗ, ಹೊಳಲ್ಕೆರೆ ಮಾರ್ಗ. ಪ್ರಯಾಣದ ಉದ್ದೇಶ, ಜಿಂಕೆ ವರದಿ ಖುದ್ದಾಗಿ ತಲುಪಿಸಲು. ಅಕ್ಷರ ನನ್ನದು. ಸಹಿಯೂ ನನ್ನದು.